ನಲವತ್ತು ಹಲ್ಲಿನ ಗಾಲಿ

ಹೊಳೆನರಸೀಪುರದ ಕಡೆಯ ಒಬ್ಬ ರೈತನಿಗೆ ಎರಡು ಕಡೆ ಜಮೀನು ಉಂಟೆಂದು ಇಟ್ಟುಕೊಳ್ಳಬಹುದು. ಊರ ಮುಂದಿನ ಹೊಲ 2 ಎಕರೆ 35 ಗುಂಟೆ. ಕಾಲುವೆಯ ಕೆಳಗಿನ ಗದ್ದೆ 1 ಎಕರೆ 28 ಗುಂಟೆ. ಒಟ್ಟು ಎಷ್ಟೆಂದು ತಿಳಿಯಬೇಕಾಗಿದೆ. ಮನೆಯ ಹುಡುಗ ಮೊಬೈಲು ಫೋನನ್ನು ತೆಗೆದು 2.35 ಮತ್ತು 1.28ನ್ನು ಒತ್ತುತ್ತಾನೆ. ಕಣ್ಣು ಮಿಟುಕಿಸುವಷ್ಟರಲ್ಲಿ 3.63 ಎಂಬ ಉತ್ತರ ಬರುತ್ತದೆ. ಜಗಲಿಯಲ್ಲಿ ಕುಳಿತ ತಾತ ನಗುತ್ತಾನೆ. “ಅರವತ್ತಮೂರು ಗುಂಟೆ ಅಂದ್ರೇನ್ಲಾ ಮಗ? ನಲವತ್ತಾಗುತ್ಲೇ ಒಂದೆಕರೆ ಆಯ್ತಲ್ಲ!” ಶಾಲೆಯ ಮೆಟ್ಟಿಲನ್ನು ಹೆಚ್ಚು ಹತ್ತದ ತಾತನ ಬಾಯಲ್ಲಿ 4 ಎಕರೆ 23 ಗುಂಟೆ ಎಂಬ ಸರಿಯಾದ ಉತ್ತರ ಅಷ್ಟರಲ್ಲಿ ಸಿದ್ಧವಾಗಿರುತ್ತದೆ.

ಇಂಥ ಪ್ರಸಂಗ ಹಾಸನ, ಅರಕಲಗೂಡು, ಚನ್ನರಾಯಪಟ್ಟಣ ಎಲ್ಲಿ ಬೇಕಾದರೂ ನಡೆಯಬಹುದು. ಇದರಲ್ಲಿ ಯಂತ್ರದ ತಪ್ಪು ಏನೂ ಇಲ್ಲ. ತನಗೆ ಕೊಟ್ಟ ಸಂಖ್ಯೆಗಳನ್ನು ಅದು ಸರಿಯಾಗಿಯೇ ಕೂಡಿದೆ. ಆದರೆ ಎಕರೆ ಗುಂಟೆಗಳ ನಡುವೆ ಇಟ್ಟ ಚುಕ್ಕೆಗೂ ದಶಾಂಶದ ಚುಕ್ಕೆಗೂ ಭೇದವಿರುವುದು ಅದಕ್ಕೆ ತಿಳಿಯದು. ವಿಚಿತ್ರವೇನೆಂದರೆ, ಈ ಜಮೀನನ್ನು ಮೂವರು ಅಣ್ಣತಮ್ಮಂದಿರು ಹಂಚಿಕೊಳ್ಳಬೇಕಾಗಿ ಬಂದರೆ ಗೊಂದಲ ಇನ್ನೂ ಹೆಚ್ಚುತ್ತದೆ. ತಾತ ಹೇಳಿದ ಸರಿಯಾದ ಮೊತ್ತವಾದ 4.23ನ್ನು ಅದೇ ಫೋನಿನಲ್ಲಿ 3ರಿಂದ ಭಾಗಿಸಿದರೆ 1.41 ಬರುತ್ತದೆ. ಒಂದು ಎಕರೆ ನಲವತ್ತೊಂದು ಗುಂಟೆ ಎಂಬ ಅಳತೆಯೇ ಭೂಮಿಯ ಮೇಲೆ ಇಲ್ಲ. ಹುಡುಗನ ತಪ್ಪು ಮೊತ್ತವಾದ 3.63ನ್ನು ಭಾಗಿಸಿದರೋ 1.21, ಎಂದರೆ ತಲಾ 1 ಎಕರೆ 21 ಗುಂಟೆ ಎಂಬ ಸರಿಯಾದ ಪಾಲು ದೊರೆಯುತ್ತದೆ. ಸರಿಯಿಂದ ತಪ್ಪು, ತಪ್ಪಿನಿಂದ ಸರಿ! ಇದು ಹೇಗೆ ಆಯಿತೆಂದು ಕೇಳಿದರೆ ಫೋನಿನ ಗಾಜಿನ ಮುಖದಲ್ಲಿ ಉತ್ತರವಿಲ್ಲ. ಅದು ಲೆಕ್ಕದ ಫಲವನ್ನು ತೋರಿಸುತ್ತದೆಯೇ ಹೊರತು ಲೆಕ್ಕವನ್ನು ತೋರಿಸುವುದಿಲ್ಲ.

ಲೆಕ್ಕವನ್ನೇ ಕಣ್ಣಿಗೆ ತೋರಿಸುತ್ತಿದ್ದ ಯಂತ್ರಗಳು ಹಿಂದೆ ಇದ್ದವು. ಅವು ಗಾಲಿ, ಹಲ್ಲು, ಸನ್ನೆ, ಹಿಡಿಕೆಗಳಿಂದ ಆದ ಉಕ್ಕಿನ ಯಂತ್ರಗಳು. ಅಂಥ ಯಂತ್ರಗಳನ್ನು ಈಗ ಗಣಕದ ತಂತ್ರಾಂಶದಲ್ಲಿ ಮತ್ತೆ ಕಟ್ಟುವವರು ಲೋಕದ ಹಲವೆಡೆ ಇದ್ದಾರೆ. ಪರದೆಯ ಮೇಲೆ ಹಿಡಿಕೆಯನ್ನು ತಿರುಗಿಸಿದರೆ ಪರದೆಯ ಮೇಲಿನ ಗಾಲಿ ತಿರುಗುತ್ತದೆ. ಕೈಯಲ್ಲಿ ವೇಗವಾದ ಯಂತ್ರವಿರುವಾಗ ನಿಧಾನವಾದ ಹಳೆಯ ಯಂತ್ರವನ್ನು ಅನುಕರಿಸುವುದು ಕೆಲಸವಿಲ್ಲದವರ ಹವ್ಯಾಸವೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಹಾಸನ ಜಿಲ್ಲೆಯ ಹುಡುಗನೊಬ್ಬನಿಗೆ ಅದು ಹವ್ಯಾಸಕ್ಕಿಂತ ಹೆಚ್ಚಿನದಾಗಬಲ್ಲುದು, ಆಗಬೇಕು ಕೂಡ.

ಮೊದಲ ಯಂತ್ರಗಳಲ್ಲಿ ಒಂದು ಹುಟ್ಟಿದ್ದೇ ಕಂದಾಯದ ಕಚೇರಿಗಾಗಿ ಎಂಬುದನ್ನು ಇಲ್ಲಿ ನೆನೆಯಬೇಕು. ಫ್ರಾನ್ಸ್ ದೇಶದ ಬ್ಲೇಸ್ ಪಾಸ್ಕಲನ ತಂದೆ ರೂವಾನ್ ಪಟ್ಟಣದಲ್ಲಿ ತೆರಿಗೆಯ ಅಧಿಕಾರಿಯಾಗಿದ್ದನು. ರಾತ್ರಿಯೆಲ್ಲ ಕುಳಿತು ಲೆಕ್ಕ ಕೂಡುತ್ತಿದ್ದ ತಂದೆಯ ಶ್ರಮವನ್ನು ತಗ್ಗಿಸಬೇಕೆಂದು ಮಗನು 1642ರಲ್ಲಿ ಗಾಲಿಗಳ ಒಂದು ಪೆಟ್ಟಿಗೆಯನ್ನು ರೂಪಿಸತೊಡಗಿದನು. ಆಗ ಅವನಿಗೆ ಹತ್ತೊಂಬತ್ತು ವರ್ಷ. ಒಂದು ಗಾಲಿ ಪೂರ್ತಿ ಒಂದು ಸುತ್ತು ಬಂದಾಗ ಅದರ ಎಡಗಡೆಯ ಗಾಲಿಯನ್ನು ಒಂದು ಹೆಜ್ಜೆ ಮುಂದಕ್ಕೆ ತಳ್ಳಬೇಕು. ಪ್ರಾಥಮಿಕ ಶಾಲೆಯಲ್ಲಿ ‘ದಶಕ’ ಎಂದು ಕಲಿಸುವುದು ಇದನ್ನೇ. ಈ ತಳ್ಳುವಿಕೆಯನ್ನು ಉಕ್ಕಿಗೆ ಕಲಿಸುವುದೇ ಪಾಸ್ಕಲನ ಮುಂದಿದ್ದ ಕಷ್ಟದ ಕೆಲಸವಾಗಿತ್ತು.

ಅವನ ಯಂತ್ರದಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ ಉಂಟು. ಅಂದಿನ ಫ್ರೆಂಚ್ ನಾಣ್ಯಪದ್ಧತಿಯಲ್ಲಿ 12 ದೆನಿಯೇಗಳಿಗೆ ಒಂದು ಸೋಲ್, 20 ಸೋಲ್‌ಗಳಿಗೆ ಒಂದು ಲೀವ್ರ್. ಆದುದರಿಂದ ಹಣದ ಲೆಕ್ಕಕ್ಕಾಗಿ ಮಾಡಿದ ಯಂತ್ರದಲ್ಲಿ ಬಲತುದಿಯ ಗಾಲಿಗೆ 12 ಮನೆ, ಅದರ ಪಕ್ಕದ ಗಾಲಿಗೆ 20 ಮನೆ, ಉಳಿದವಕ್ಕೆ ಹತ್ತು ಹತ್ತು. ಯಂತ್ರವು ಜನರ ಅಳತೆಗೆ ಒಗ್ಗಿಕೊಂಡಿತ್ತು. ಜನರು ಯಂತ್ರಕ್ಕೆ ಒಗ್ಗಿಕೊಳ್ಳಬೇಕಾಗಿರಲಿಲ್ಲ.

ಪಾಸ್ಕಲನ ತರುವಾಯ ಜರ್ಮನಿಯ ಲೈಬ್ನಿಟ್ಸನು ಗುಣಾಕಾರ ಭಾಗಾಕಾರಗಳನ್ನೂ ಮಾಡಬಲ್ಲ ಯಂತ್ರಕ್ಕೆ ಯತ್ನಿಸಿದನು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ, ರಷ್ಯದಲ್ಲಿ ನೆಲೆಸಿದ್ದ ಸ್ವೀಡನ್ನಿನ ಓಡ್ನರ್ ಎಂಬಾತನು ರೂಪಿಸಿದ ಮಾದರಿ ಕಚೇರಿಗಳಿಗೆಲ್ಲ ಹಬ್ಬಿತು. ಇದರ ಗಾಲಿಯ ಅಂಚಿನಲ್ಲಿ ಹೊರಕ್ಕೆ ಒಳಕ್ಕೆ ಸರಿಯುವ ಒಂಬತ್ತು ಮೊಳೆಹಲ್ಲುಗಳಿರುತ್ತವೆ. ಸನ್ನೆಯನ್ನು 7ಕ್ಕೆ ಇಟ್ಟರೆ ಏಳು ಹಲ್ಲು ಹೊರಬರುತ್ತವೆ. ಹಿಡಿಕೆಯನ್ನು ಒಂದು ಸುತ್ತು ತಿರುಗಿಸಿದರೆ ಆ ಏಳು ಹಲ್ಲುಗಳು ಉತ್ತರದ ಗಾಲಿಯನ್ನು ಏಳು ಮನೆ ನಡೆಸುತ್ತವೆ. ಹಿಂದಕ್ಕೆ ತಿರುಗಿಸಿದರೆ ವ್ಯವಕಲನ. 347ನ್ನು 26ರಿಂದ ಗುಣಿಸಬೇಕಾದರೆ 347ನ್ನು ಇಟ್ಟು ಆರು ಸುತ್ತು ತಿರುಗಿಸಬೇಕು. ಅನಂತರ ಉತ್ತರದ ಬಂಡಿಯನ್ನು ಒಂದು ಸ್ಥಾನ ಸರಿಸಿ ಎರಡು ಸುತ್ತು. ಎಂಟು ಸುತ್ತಿನಲ್ಲಿ 9022 ಕಿಂಡಿಗಳಲ್ಲಿ ಮೂಡುತ್ತದೆ. 98ರಿಂದ ಗುಣಿಸಬೇಕಾದಾಗ ಒಂಬತ್ತು ಮತ್ತು ಎಂಟು ಸೇರಿ ಹದಿನೇಳು ಸುತ್ತು ತಿರುಗಿಸುವವನು ಹೊಸಬ. ನುರಿತ ಗುಮಾಸ್ತನು ನೂರರ ಸ್ಥಾನದಲ್ಲಿ ಒಂದು ಸುತ್ತು ಮುಂದಕ್ಕೆ, ಬಿಡಿಸ್ಥಾನದಲ್ಲಿ ಎರಡು ಸುತ್ತು ಹಿಂದಕ್ಕೆ ತಿರುಗಿಸಿ ಮೂರೇ ಸುತ್ತಿನಲ್ಲಿ ಮುಗಿಸುತ್ತಿದ್ದನು. ನೂರರಲ್ಲಿ ಎರಡು ಕಳೆದರೆ ತೊಂಬತ್ತೆಂಟು ಎಂಬ ಬೀಜಗಣಿತ ಅವನ ತೋಳಿಗೆ ತಿಳಿದಿತ್ತು.

ಭಾಗಾಕಾರದ ಕ್ರಮ ಇನ್ನೂ ಸೊಗಸು. ಭಾಜಕವನ್ನು ಇಟ್ಟು ಹಿಂದಕ್ಕೆ ತಿರುಗಿಸುತ್ತ ಹೋಗಬೇಕು. ಕಳೆಯಲು ಉಳಿದಿಲ್ಲದಿದ್ದರೂ ಕಳೆದಾಗ ಎಡಗಡೆಯ ಕಿಂಡಿಗಳಲ್ಲಿ ಒಂಬತ್ತುಗಳ ಸಾಲು ಕಾಣಿಸಿಕೊಂಡು ಗಂಟೆ ಬಾರಿಸುತ್ತದೆ. ಕೂಡಲೇ ಒಂದು ಸುತ್ತು ಮುಂದಕ್ಕೆ ತಿರುಗಿಸಿ ತಪ್ಪನ್ನು ಸರಿಪಡಿಸಿ ಬಂಡಿಯನ್ನು ಸರಿಸಬೇಕು. ಎಷ್ಟು ಸುತ್ತು ಆಯಿತೆಂದು ಎಣಿಸಲು ಬೇರೊಂದು ಸಾಲಿನ ಗಾಲಿಗಳಿದ್ದವು. ಅಲ್ಲಿ ಭಾಗಲಬ್ಧ ಸಿಗುತ್ತಿತ್ತು.

ಸ್ವೀಡನ್ನಿನ ಫೇಸಿಟ್ ಯಂತ್ರಗಳು ಈ ಜಾತಿಯವೇ. 1930ರ ದಶಕದಲ್ಲಿ ಅವಕ್ಕೆ ಸನ್ನೆಗಳ ಬದಲು ಹತ್ತು ಕೀಲಿಗಳು ಬಂದವು. ಭಾರತದ ಕಚೇರಿಗಳಲ್ಲಿಯೂ ವಿಶ್ವವಿದ್ಯಾನಿಲಯಗಳ ಸಂಖ್ಯಾಶಾಸ್ತ್ರದ ಪ್ರಯೋಗಾಲಯಗಳಲ್ಲಿಯೂ ಫೇಸಿಟ್ ಎಂಬ ಹೆಸರೇ ಲೆಕ್ಕದ ಯಂತ್ರಕ್ಕೆ ಪರ್ಯಾಯವಾಗಿ ನಿಂತಿತ್ತು. ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿ ಜಗತ್ತಿನ ಶ್ರೇಷ್ಠ ಸಂಖ್ಯಾಶಾಸ್ತ್ರಜ್ಞರಲ್ಲಿ ಒಬ್ಬರೆನಿಸಿದ ಸಿ. ಆರ್. ರಾವ್ ಅವರ ತಲೆಮಾರು ಬೆಳೆದದ್ದು ಇಂಥ ಕೈಯಂತ್ರಗಳ ಸದ್ದಿನ ನಡುವೆ. 1960ರ ದಶಕದಲ್ಲಿ ವಿದ್ಯುನ್ಮಾನ ಯಂತ್ರಗಳು ಮೇಜಿಗೆ ಬಂದವು. 1970ರ ದಶಕದಲ್ಲಿ ಜೇಬಿಗೆ ಬಂದವು. 1973ರಲ್ಲಿ ಫೇಸಿಟ್ ಸಂಸ್ಥೆಯೇ ಎಲೆಕ್ಟ್ರೋಲಕ್ಸ್ ಸಂಸ್ಥೆಯ ಕೈಸೇರಿತು. ಉಕ್ಕಿನ ಗಾಲಿಗಳ ಕಾಲ ಹೀಗೆ ಹತ್ತು ಹದಿನೈದು ವರ್ಷಗಳಲ್ಲಿ ಮುಗಿದುಹೋಯಿತು. ಅಳಿದುಳಿದ ಯಂತ್ರವನ್ನು ಹಳೆಯ ಕಬ್ಬಿಣವೆಂದು ತೂಕಕ್ಕೆ ಹಾಕುವುದು ಸುಲಭ. ಅದರ ಒಳಗಿನ ಬುದ್ಧಿಗೆ ತೂಕವಿಲ್ಲ. ಆದುದರಿಂದ ಅದಕ್ಕೆ ಬೆಲೆಯೂ ಸಿಗುವುದಿಲ್ಲ.

ತಂತ್ರಾಂಶದಲ್ಲಿ ಈ ಯಂತ್ರವನ್ನು ಮತ್ತೆ ಕಟ್ಟುವ ಮಾತಿಗೆ ಬಂದರೆ, ಅದನ್ನು ಎರಡು ಬಗೆಯಲ್ಲಿ ಮಾಡಬಹುದು. ಗಣಕಕ್ಕೆ ಗುಣಾಕಾರ ಹೇಗೂ ಬರುತ್ತದೆ. ಉತ್ತರವನ್ನು ಅದರಿಂದಲೇ ಪಡೆದು, ಪರದೆಯ ಮೇಲೆ ಗಾಲಿಗಳ ಚಿತ್ರ ತಿರುಗುವಂತೆ ಮಾಡಿ, ಕೊನೆಗೆ ಸಿದ್ಧವಾದ ಉತ್ತರವನ್ನು ಕಿಂಡಿಗಳಲ್ಲಿ ತೋರಿಸುವುದು ಒಂದು ಬಗೆ. ನೋಡಲು ಅದು ಚೆನ್ನಾಗಿಯೇ ಇರುತ್ತದೆ. ಆದರೆ ಅದು ಯಕ್ಷಗಾನದ ಕಟ್ಟಿಗೆಯ ಖಡ್ಗದಂತೆ, ಮಿನುಗುತ್ತದೆ, ಕತ್ತರಿಸುವುದಿಲ್ಲ. ಅದರಲ್ಲಿ ಗಾಲಿಯೇ ಇಲ್ಲ, ಗಾಲಿಯ ಚಿತ್ರ ಮಾತ್ರ ಇದೆ.

ಎರಡನೆಯ ಬಗೆಯಲ್ಲಿ ಒಂದೊಂದು ಗಾಲಿಯನ್ನೂ ಒಂದೊಂದು ಸ್ವತಂತ್ರವಾದ ಸಂಖ್ಯೆಯಾಗಿ ಇಡಬೇಕು. ಗಾಲಿಗೆ ತನ್ನ ಮಿತಿಯಷ್ಟೇ ಗೊತ್ತು. ಒಂದೊಂದು ಹಲ್ಲು ತಾಗಿದಂತೆ ಅದು ಒಂದೊಂದು ಮನೆ ನಡೆಯುತ್ತದೆ. ಮಿತಿ ಮುಟ್ಟಿದಾಗ ಸೊನ್ನೆಗೆ ಮರಳಿ ಎಡಗಡೆಯ ನೆರೆಗಾಲಿಯನ್ನು ಒಮ್ಮೆ ತಳ್ಳುತ್ತದೆ. ಉಳಿದ ಗಾಲಿಗಳ ವಿಚಾರ ಅದಕ್ಕೆ ಬೇಕಿಲ್ಲ. ಹೀಗೆ ಬರೆದ ತಂತ್ರಾಂಶದಲ್ಲಿ ಉತ್ತರವು ಎಲ್ಲಿಯೂ ಮೊದಲೇ ಸಿದ್ಧವಾಗಿರುವುದಿಲ್ಲ. ಗಾಲಿಗಳು ನಿಂತಾಗ ಅದು ಉಂಟಾಗುತ್ತದೆ. ಪ್ರಾಮಾಣಿಕವಾದ ಅನುಕರಣೆ ಎಂದರೆ ಇದೇ.

ಇವೆರಡರ ಭೇದವನ್ನು ಕಂಡುಹಿಡಿಯಲು ಒಂದು ಪರೀಕ್ಷೆ ಸಾಕು. ಯಂತ್ರದಲ್ಲಿ 999999 ಇಟ್ಟು ಒಂದನ್ನು ಕೂಡಬೇಕು. ನಿಜವಾದ ಯಂತ್ರದಲ್ಲಿ ದಶಕವು ಬಲದಿಂದ ಎಡಕ್ಕೆ, ಸಾಲಾಗಿ ನಿಲ್ಲಿಸಿದ ಇಟ್ಟಿಗೆಗಳು ಒಂದರ ಮೇಲೊಂದು ಬೀಳುವಂತೆ ಹರಿಯುತ್ತದೆ. ಈ ಹರಿವಿಗೆ ಒಂದೇ ಸುತ್ತಿನೊಳಗೆ ಎಡೆ ಮಾಡಿಕೊಡುವುದಕ್ಕಾಗಿಯೇ ಓಡ್ನರ್ ಮಾದರಿಯಲ್ಲಿ ದಶಕದ ಹಲ್ಲುಗಳನ್ನು ಒಂದಕ್ಕಿಂತ ಒಂದು ತುಸು ಹಿಂದೆ, ಸುರುಳಿಯಾಗಿ ಜೋಡಿಸಿದ್ದರು. ಆದರೂ ಹಲವು ಯಂತ್ರಗಳಲ್ಲಿ ದಶಕವು ಉತ್ತರದ ಸಾಲಿನ ಎಡತುದಿಯವರೆಗೆ ತಲುಪುತ್ತಿರಲಿಲ್ಲ. ತುದಿಯ ಕೆಲವು ಗಾಲಿಗಳು ಅದನ್ನು ಅರಿಯದೆ ಸುಮ್ಮನೆ ಕುಳಿತಿರುತ್ತಿದ್ದವು. ಯಂತ್ರವನ್ನು ಬಲ್ಲವರು ಆ ಗಡಿಯನ್ನು ದಾಟಿ ಲೆಕ್ಕ ಮಾಡುತ್ತಿರಲಿಲ್ಲ. ಅನುಕರಿಸುವವನು ಈ ದೋಷವನ್ನೂ ಅನುಕರಿಸಬೇಕೆ? ಬೇಕು. ದೋಷವನ್ನು ತಿದ್ದಿದ ಕೂಡಲೇ ಅದು ಬೇರೆ ಯಂತ್ರವಾಗುತ್ತದೆ. ಶಾಸನವನ್ನು ಪ್ರತಿಮಾಡುವವನು ಶಿಲ್ಪಿಯ ಕಾಗುಣಿತವನ್ನು ತಿದ್ದುವುದಿಲ್ಲವಷ್ಟೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ನೂರಾರು ಶಾಸನಗಳನ್ನು ಓದಿ ಅಚ್ಚಿಗೆ ತಂದ ಜಿಲ್ಲೆಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ.

ಅನುಕರಣೆಯಲ್ಲಿ ಇನ್ನೊಂದು ಎಡವುಗಲ್ಲು ಉಂಟು. ಸಾಮಾನ್ಯವಾದ ಗಣಕಭಾಷೆಗಳಲ್ಲಿ 0.1 ಮತ್ತು 0.2ನ್ನು ಕೂಡಿಸಿದರೆ ಒಳಗಿನ ಉತ್ತರ 0.30000000000000004 ಎಂದು ಬರುತ್ತದೆ. ಗಣಕದ ಅಂತರಂಗದ ಗಾಲಿಗೆ 0 ಮತ್ತು 1 ಎಂಬ ಎರಡೇ ಮನೆಗಳಿರುವುದೇ ಇದಕ್ಕೆ ಕಾರಣ. ಮೂರನೆಯ ಒಂದು ಭಾಗವನ್ನು ದಶಾಂಶದಲ್ಲಿ ಬರೆದು ಮುಗಿಸಲಾಗದಂತೆ, ಹತ್ತನೆಯ ಒಂದು ಭಾಗವನ್ನು ಎರಡರ ಪದ್ಧತಿಯಲ್ಲಿ ಬರೆದು ಮುಗಿಸಲಾಗದು. ಫೇಸಿಟ್ ಯಂತ್ರ ಇಂಥ ತಪ್ಪನ್ನು ಎಂದೂ ಮಾಡುತ್ತಿರಲಿಲ್ಲ. ಅದರ ಗಾಲಿ ಹತ್ತರದು. ಗಾಲಿಗಳನ್ನು ಬಿಡಿಬಿಡಿಯಾಗಿ ಪೂರ್ಣಾಂಕಗಳಲ್ಲಿ ಇಟ್ಟವನಿಗೆ ಮಾತ್ರ ಈ ಕಲ್ಲು ಕಾಲಿಗೆ ತಾಗುವುದಿಲ್ಲ.

ಯಂತ್ರವೆಂದರೆ ಕಬ್ಬಿಣವೇ, ಕಬ್ಬಿಣವಿಲ್ಲದ ಯಂತ್ರ ಬರಿಯ ಮಾಯೆ ಎಂದು ವಾದಿಸುವವರುಂಟು. ಅವರು ಕುರ್ಟ್ ಹೆರ್ಟ್ಸ್‌ಷ್ಟಾರ್ಕನ ಕಥೆಯನ್ನು ತಿಳಿಯಬೇಕು. ವಿಯೆನ್ನಾದ ಈ ತಂತ್ರಜ್ಞನು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಲೆಕ್ಕದ ಯಂತ್ರವನ್ನು ಮನಸ್ಸಿನಲ್ಲಿ ರೂಪಿಸಿದ್ದನು. ತಂದೆ ಯೆಹೂದ್ಯನಾಗಿದ್ದ ಅವನನ್ನು 1943ರಲ್ಲಿ ನಾಜಿಗಳು ಬಂಧಿಸಿ ಬೂಖನ್‌ವಾಲ್ಡ್ ಯಾತನಾಶಿಬಿರಕ್ಕೆ ನೂಕಿದರು. ಯುದ್ಧ ಗೆದ್ದ ಮೇಲೆ ಹಿಟ್ಲರನಿಗೆ ಆ ಯಂತ್ರವನ್ನು ಕಾಣಿಕೆಯಾಗಿ ಒಪ್ಪಿಸುವ ಆಸೆಯಿಂದ ಅಲ್ಲಿನ ಅಧಿಕಾರಿಗಳು ಅವನಿಗೆ ನಕ್ಷೆ ಬರೆಯಲು ಅವಕಾಶ ಕೊಟ್ಟರು. ಸುತ್ತಲೂ ಜನ ಸಾಯುತ್ತಿದ್ದ ಆ ನರಕದಲ್ಲಿ ಅವನು ಒಂದೊಂದು ಹಲ್ಲನ್ನೂ ಪೆನ್ಸಿಲಿನಿಂದ ಕಾಗದಕ್ಕೆ ಇಳಿಸಿದನು. 1945ರ ಏಪ್ರಿಲ್‌ನಲ್ಲಿ ಶಿಬಿರ ಬಿಡುಗಡೆಯಾದಾಗ ಅವನ ಬಳಿ ಇದ್ದುದು ಆ ನಕ್ಷೆಗಳು. ಅವುಗಳಿಂದಲೇ 1948ರ ಹೊತ್ತಿಗೆ ಲೀಖ್ಟನ್‌ಸ್ಟೈನ್ ಎಂಬ ಪುಟ್ಟ ದೇಶದಲ್ಲಿ ಕುರ್ಟಾ ಯಂತ್ರ ತಯಾರಾಗಿ ಮಾರಾಟಕ್ಕೆ ಬಂದಿತು. ಮುಂದೆ ಸುಮಾರು 1,40,000 ಯಂತ್ರಗಳು ತಯಾರಾದವು. ಲೋಹ ಸೇರುವ ಮೊದಲೇ ಆ ಯಂತ್ರ ಪೂರ್ಣವಾಗಿ ಇದ್ದಿತು. ಗಾಲಿ ಗಾಲಿಗೆ ಇರುವ ಸಂಬಂಧವೇ ಯಂತ್ರದ ಜೀವ. ಹಿಡಿಕೆಯ ಬಿಗಿತ, ಎಣ್ಣೆಯ ವಾಸನೆ, ಗಂಟೆಯ ನಾದ ಇವು ಪರದೆಗೆ ಬರುವುದಿಲ್ಲವೆಂಬುದು ನಿಜ. ಆದುದರಿಂದಲೇ ಉಳಿದಿರುವ ಒಂದೊಂದು ಯಂತ್ರವನ್ನೂ ಕಾಪಾಡಬೇಕು. ಆದರೆ ಹಾಸನದ ಒಂದೊಂದು ಶಾಲೆಗೂ ಒಂದೊಂದು ಫೇಸಿಟ್ ಕೊಡಲು ಯಾರಿಂದ ಸಾಧ್ಯ? ಸಂಬಂಧವನ್ನಾದರೂ ಕೊಡಬಹುದು.

ಕಬ್ಬಿಣದಿಂದ ಆಗದ ಒಂದು ಕೆಲಸವೂ ತಂತ್ರಾಂಶದಿಂದ ಆಗುತ್ತದೆ. ಓಡ್ನರ್ ಮಾದರಿಯ ಯಂತ್ರಗಳ ಗಾಲಿ ಹತ್ತರದು. ಅದನ್ನು ಗುಂಟೆಗೆ ಒಗ್ಗಿಸಬೇಕಾದರೆ ಕಾರ್ಖಾನೆಯೇ ಬೇಕು. ಪರದೆಯ ಯಂತ್ರದಲ್ಲಿ ಗಾಲಿಯ ಮಿತಿ ಒಂದು ಅಂಕಿ ಮಾತ್ರ. ಹತ್ತನ್ನು ಅಳಿಸಿ ನಲವತ್ತು ಎಂದು ಬರೆದರೆ ಅದು ಗುಂಟೆಯ ಗಾಲಿಯಾಗುತ್ತದೆ. ಅದರ ಬಲಕ್ಕೆ ಹದಿನಾರರ ಗಾಲಿಯನ್ನು ಸೇರಿಸಿದರೆ ಆಣೆಯ ಗಾಲಿ. ಒಂದು ಗುಂಟೆ ಎಂದರೆ 33 ಅಡಿ ಉದ್ದ 33 ಅಡಿ ಅಗಲದ ನೆಲ. ಹದಿನಾರು ಆಣೆಗೆ ಒಂದು ಗುಂಟೆ, ನಲವತ್ತು ಗುಂಟೆಗೆ ಒಂದು ಎಕರೆ. ರೂಪಾಯಿಯ ಆಣೆ 1957ರ ಏಪ್ರಿಲ್ 1ರಂದು ದಶಾಂಶಕ್ಕೆ ಶರಣಾಯಿತು. ಭೂಮಿಯ ಆಣೆ ಶರಣಾಗಲಿಲ್ಲ. 2000ದ ಸುಮಾರಿಗೆ ಭೂಮಿ ಯೋಜನೆಯಡಿ ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳು ಗಣಕಕ್ಕೆ ಏರಿದಾಗಲೂ ಎಕರೆ ಗುಂಟೆಗಳು ಹಾಗೆಯೇ ಏರಿದವು. 1642ರಲ್ಲಿ ಪಾಸ್ಕಲನು ತನ್ನ ತಂದೆಯ ಕಚೇರಿಗೆ ಮಾಡಿಕೊಟ್ಟದ್ದನ್ನು ಹಾಸನ ಜಿಲ್ಲೆಯ ಒಬ್ಬ ವಿದ್ಯಾರ್ಥಿ ತನ್ನ ಮನೆಯ ಜಮೀನಿಗಾಗಿ ಮಾಡಿಕೊಳ್ಳಲು ಇಂದು ಲೋಹವೂ ಬೇಕಿಲ್ಲ, ಅಕ್ಕಸಾಲಿಯ ಕೈಯೂ ಬೇಕಿಲ್ಲ.

‘ಇಷ್ಟೆಲ್ಲ ಏಕೆ? ಎಲ್ಲವನ್ನೂ ಗುಂಟೆಗೆ ತಿರುಗಿಸಿ ಕೂಡಿದರೆ ಆಯಿತು. 115ಕ್ಕೆ 68 ಸೇರಿಸಿದರೆ 183. ನಲವತ್ತರಿಂದ ಭಾಗಿಸಿದರೆ ಮುಗಿಯಿತು’ ಎಂದು ಚುರುಕಾದ ವಿದ್ಯಾರ್ಥಿ ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಉತ್ತರವಷ್ಟೇ ಬೇಕಾದ ತಾಲ್ಲೂಕು ಕಚೇರಿಗೆ ಆ ದಾರಿಯೇ ಸರಿ. ಶಾಲೆಗೆ ಉತ್ತರವಷ್ಟೇ ಸಾಲದು. ಗಾಲಿ ಎಲ್ಲಿ ತಿರುಗಿತು, ಯಾವುದು ಯಾವುದನ್ನು ತಳ್ಳಿತು ಎಂಬುದನ್ನು ಒಮ್ಮೆ ಕಂಡವನು 3.63 ಎಂಬ ಉತ್ತರವನ್ನು ನೋಡಿದ ಕೂಡಲೇ ಸಂಶಯಪಡುತ್ತಾನೆ. ಗೊರೂರಿನಲ್ಲಿ 1979ರಲ್ಲಿ ಹೇಮಾವತಿಗೆ ಕಟ್ಟೆ ಬಿದ್ದು ಕಾಲುವೆಗಳು ಹರಿದ ಮೇಲೆ, ಈ ತಾಲ್ಲೂಕುಗಳಲ್ಲಿ ನೀರು ಕಂಡ ನೆಲದ ಒಂದೊಂದು ಗುಂಟೆಗೂ ಬೆಲೆ ಬಂದಿದೆ. ಪಾಲುಪಟ್ಟಿಯ ಮುಂದೆ ಕುಳಿತಾಗ ಸಂಶಯಪಡಲು ಬಾರದವನು ಪರರ ಲೆಕ್ಕವನ್ನು ನಂಬಬೇಕಾಗುತ್ತದೆ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ವ್ಯವಹಾರಗಣಿತವನ್ನೂ ಕ್ಷೇತ್ರಗಣಿತವನ್ನೂ ಕನ್ನಡದಲ್ಲಿಯೇ ಬರೆದನು. ನೆಲದ ಲೆಕ್ಕ ನೆಲದವರ ಮಾತಿನಲ್ಲಿ ಇರಬೇಕೆಂಬ ಎಚ್ಚರ ಈ ನಾಡಿಗೆ ಹೊಸತಲ್ಲ.

ಇದನ್ನು ಕಟ್ಟುವ ವಿದ್ಯಾರ್ಥಿಗೆ ಒಂದು ತೊಡಕು ಮಾತ್ರ ಎದುರಾಗುತ್ತದೆ, ಅದನ್ನು ಮುಚ್ಚಿಡಬಾರದು. ಬಂಡಿಯನ್ನು ಸರಿಸಿ ಗುಣಿಸುವ ಉಪಾಯ ಎಲ್ಲ ಗಾಲಿಗಳೂ ಹತ್ತರವಾಗಿದ್ದಾಗ ಮಾತ್ರ ನಡೆಯುತ್ತದೆ. ಎಕರೆಯ ಗಾಲಿ ಹತ್ತರದು, ಗುಂಟೆಯ ಗಾಲಿ ನಲವತ್ತರದು ಆದಾಗ ಒಂದು ಸ್ಥಾನ ಸರಿದರೆ ಹತ್ತರಷ್ಟಾಯಿತೆಂದು ಹೇಳುವಂತಿಲ್ಲ. ಆದುದರಿಂದ ಈ ಯಂತ್ರದಲ್ಲಿ ಬಂಡಿ ಇರಕೂಡದು. ಎಕರೆಗೂ ಗುಂಟೆಗೂ ಬೇರೆ ಬೇರೆಯಾಗಿ ಭಾಜಕವನ್ನು ಇಟ್ಟು ತಿರುಗಿಸಬೇಕು.

ಮೂವರು ಅಣ್ಣತಮ್ಮಂದಿರ ಪಾಲನ್ನು ಅದರಲ್ಲಿ ಮಾಡಿ ನೋಡಬಹುದು. ಕಿಂಡಿಗಳಲ್ಲಿ 4 ಎಕರೆ 23 ಗುಂಟೆ ಇದೆ. ಎಕರೆಯ ಸನ್ನೆಯನ್ನು 3ಕ್ಕೆ ಇಟ್ಟು ಒಂದು ಸುತ್ತು ಹಿಂದಕ್ಕೆ ತಿರುಗಿಸಿದರೆ 1 ಎಕರೆ 23 ಗುಂಟೆ ಉಳಿಯುತ್ತದೆ. ಮತ್ತೊಮ್ಮೆ ತಿರುಗಿಸಿದರೆ ಗಂಟೆ ಬಾರಿಸುತ್ತದೆ, ಸುತ್ತನ್ನು ಮರಳಿಸಬೇಕು. ಈಗ ಗುಂಟೆಯ ಸನ್ನೆಯನ್ನು 3ಕ್ಕೆ ಇಟ್ಟು ತಿರುಗಿಸುತ್ತ ಹೋದರೆ 20, 17, 14 ಎಂದು ಗುಂಟೆ ಇಳಿಯುತ್ತದೆ. ಏಳನೆಯ ಸುತ್ತಿಗೆ 1 ಎಕರೆ 2 ಗುಂಟೆ. ಎಂಟನೆಯ ಸುತ್ತಿನಲ್ಲಿ ಎಕರೆಯ ಗಾಲಿ ಒಂದು ಮನೆ ಹಿಂದೆ ಸರಿದು ಸೊನ್ನೆಯಾಗುತ್ತದೆ; ಗುಂಟೆಯ ಕಿಂಡಿಯಲ್ಲಿ 39 ಮೂಡುತ್ತದೆ. ಇಪ್ಪತ್ತೊಂದನೆಯ ಸುತ್ತಿಗೆ ಎರಡು ಕಿಂಡಿಗಳೂ ಬರಿದಾಗುತ್ತವೆ. ಸುತ್ತುಗಳನ್ನು ಎಣಿಸುವ ಗಾಲಿಗಳಲ್ಲಿ ಆಗ 1 ಮತ್ತು 21 ನಿಂತಿರುತ್ತವೆ.